ಆಂಗ್ಲೋ-ಇಂಡಿಯನ್ ಕೆತ್ತನೆಯ, ಬಣ್ಣದ ಪೀಠೋಪಕರಣ: ಗುರುತಿಸಿ, ಶುಚಿಮಾಡಿ, ಉಳಿಸಿಕೊಳ್ಳುವ ಕ್ರಮ

ಹಳೆಯ ಬಂಗಲೆಗಳಿಂದ, ಕಾಫಿ ಎಸ್ಟೇಟಿನ ಮನೆಗಳಿಂದ, ಹರಾಜಿನಿಂದ ಬರುವ ಕೆತ್ತನೆಯ ಕುರ್ಚಿ, ಬಣ್ಣದ ಪೆಟ್ಟಿಗೆ, ಬೆತ್ತದ ಸೋಫಾಗಳು ಹಾಳಾಗುವುದು ಬಹುಪಾಲು ಮನೆಗೆ ಬಂದ ಮೊದಲ ತಿಂಗಳಲ್ಲಿ. ಯಾರೋ ಉಪ್ಪುಕಾಗದ ಹಿಡಿಯುತ್ತಾರೆ, ಯಾರೋ ಸೋಪಿನ ನೀರು ಹಾಕಿ ತಿಕ್ಕುತ್ತಾರೆ, ಪಾಲಿಶ್‌ನವರು ಬಂದು ಮೇಲಿನ ಪದರವನ್ನೆಲ್ಲ ಕೆರೆದು ಹೊಳಪು ಕೊಟ್ಟು ಹೋಗುತ್ತಾರೆ. ಮರ ಉಳಿಯುತ್ತದೆ. ಆದರೆ ನೂರೈವತ್ತು ವರ್ಷ ಕೈ ಸವರಿ, ಧೂಳು ಕುಳಿತು, ಅರಗು ಹಣ್ಣಾಗಿ ಬಂದ ಮೈ ಹೋಗಿಬಿಡುತ್ತದೆ. ಅದನ್ನು ಮತ್ತೆ ಮಾಡಿಕೊಡಬಲ್ಲವರು ಯಾರೂ ಇಲ್ಲ. ಹಾಗಾಗಿ ಇಲ್ಲಿ ಹೇಳಿರುವ ಪ್ರತಿ ಹಂತದಲ್ಲೂ ಮೊದಲು ಪರೀಕ್ಷೆ, ಆಮೇಲೆ ಕೆಲಸ.

ಮುಟ್ಟುವ ಮೊದಲು

ವಸ್ತುವನ್ನು ಮನೆಯ ಬೇರೆ ಮರದ ಸಾಮಾನಿನಿಂದ ದೂರ, ಒಣ ಕೋಣೆಯಲ್ಲಿ ಇಡಿ. ಕಾಲುಗಳ ಕೆಳಗೆ ಕಪ್ಪು ಕಾಗದ ಹಾಸಿ. ಕನಿಷ್ಠ ಮೂರು ವಾರ ಹಾಗೇ ಇರಲಿ. ಕಾಗದದ ಮೇಲೆ ಹಿಟ್ಟಿನಂಥ ಪುಡಿ ಬಿದ್ದರೆ ಒಳಗೆ ಹುಳು ಇನ್ನೂ ಬದುಕಿದೆ ಎಂದು ತಿಳಿಯಿರಿ.

ಈ ಅವಧಿಯಲ್ಲಿ ಫೋಟೋ ತೆಗೆದುಕೊಳ್ಳಿ: ನಾಲ್ಕೂ ಬದಿ, ತಳ, ಡ್ರಾಯರಿನ ಒಳಭಾಗ, ಪ್ರತಿಯೊಂದು ಮುರಿದ ಜಾಗ. ಆಮೇಲೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಲ್ಮೈಗೆ ಹೆಚ್ಚುಕಡಿಮೆ ಸಮಾಂತರವಾಗಿ ಹಿಡಿದು ಒಂದು ಪಕ್ಕದಿಂದ ಬೆಳಕು ಬಿಡಿ. ನೇರ ಬೆಳಕಿನಲ್ಲಿ ಕಾಣದ ಬಣ್ಣದ ಉಬ್ಬು, ಎದ್ದ ಚಕ್ಕೆ, ಹಳೆಯ ರಿಪೇರಿಯ ಗಡಿ, ಕೀಸುಳಿಯ ಅಲೆ ಎಲ್ಲವೂ ನೆರಳಿನಿಂದ ಎದ್ದು ಕಾಣುತ್ತವೆ. ಕಂಡದ್ದನ್ನು ಫೋಟೋದ ಪ್ರತಿಯ ಮೇಲೆ ಗುರುತು ಹಾಕಿ. ಮುಂದೆ ಪ್ರತಿ ನಿರ್ಧಾರಕ್ಕೂ ಇದೇ ಆಧಾರ.

ಯಾವ ಕಡೆಯ ಕೆಲಸ

ವಿಲಾಯತಿ ಆಕಾರ, ಇಲ್ಲಿಯ ಮರ, ಇಲ್ಲಿಯ ಕೈ: ಈ ಮೂರೂ ಸೇರಿದ್ದು ಆಂಗ್ಲೋ-ಇಂಡಿಯನ್ ಕೆಲಸ. ಆದರೆ ಒಂದೊಂದು ಕಡಲತೀರದ ಜಾಡು ಬೇರೆ.

ಕೋರಮಂಡಲ ತೀರದಲ್ಲಿ 17ನೇ ಶತಮಾನದಲ್ಲೇ ಯುರೋಪಿನ ವ್ಯಾಪಾರಿಗಳಿಗಾಗಿ ಎಬೊನಿ ಎಂಬ ಕಪ್ಪು ಗಟ್ಟಿ ಮರದ ಕುರ್ಚಿಗಳನ್ನು ಮಾಡುತ್ತಿದ್ದರು. ತಿರುಚಿದ ಕಂಬಗಳು, ಮೈತುಂಬ ಆಳವಿಲ್ಲದ ಹೂಬಳ್ಳಿ, ಕುಳಿತುಕೊಳ್ಳುವ ಎತ್ತರ ಕಡಿಮೆ. ಇಂಗ್ಲೆಂಡಿನಲ್ಲಿ ಇವನ್ನು ಬಹಳ ಕಾಲ ಟ್ಯೂಡರ್ ಅರಸರ ಕಾಲದ ಅಲ್ಲಿಯದೇ ಕುರ್ಚಿಗಳೆಂದು ನಂಬಿದ್ದರು. ವಿಶಾಖಪಟ್ಟಣದ್ದು ದಂತದ ಕೆಲಸ. 18ನೇ ಶತಮಾನದಲ್ಲಿ ಬೀಟೆ, ಎಬೊನಿ ಮರಗಳಲ್ಲಿ ದಂತ ಕೂರಿಸುತ್ತಿದ್ದರು. ನಂತರ ಪೆಟ್ಟಿಗೆಗಳಿಗೆ ಪೂರ್ತಿ ದಂತದ ತೆಳು ಹಾಳೆ ಹೊದಿಸಿ, ಅದರ ಮೇಲೆ ಗೀರಿ, ಗೀರಿನಲ್ಲಿ ಕಪ್ಪು ಅರಗು ತುಂಬುತ್ತಿದ್ದರು. ಬಾಂಬೆಯಲ್ಲಿ 19ನೇ ಶತಮಾನದ ನಡುಭಾಗದಿಂದ ಬಂದದ್ದು ಬ್ಲ್ಯಾಕ್‌ವುಡ್ ಎಂದು ಹೆಸರಾದ ಪೀಠೋಪಕರಣ. ಮರ ನಮ್ಮ ಬೀಟೆಯೇ. ಸೋಫಾದ ಬೆನ್ನು, ದುಂಡು ಮೇಜಿನ ಅಂಚು, ಕಾಲು ಎಲ್ಲವೂ ಆರಪಾರ ಕಾಣುವ ಎಲೆ, ಹಣ್ಣು, ಹಕ್ಕಿ, ಪ್ರಾಣಿಗಳ ಕೆತ್ತನೆಯಿಂದ ತುಂಬಿರುತ್ತವೆ. ಅಹಮದಾಬಾದಿನದು ಹೆಚ್ಚಾಗಿ ತೇಗ. ಅಮೆರಿಕದ ವಿನ್ಯಾಸಕಾರ ಲಾಕ್‌ವುಡ್ ಡಿ ಫಾರೆಸ್ಟ್ 1881ರಲ್ಲಿ ಅಲ್ಲಿಗೆ ಬಂದು, ಮಗನ್‌ಭಾಯಿ ಹಠೀಸಿಂಗ್ ಅವರೊಂದಿಗೆ ಸೇರಿ ಕೆತ್ತನೆಯ ಕಾರ್ಖಾನೆ ತೆರೆದ ಮೇಲೆ ಅಲ್ಲಿಯ ಜಾಲರಿ ಕೆತ್ತನೆಯ ಹಲಗೆಗಳು ನ್ಯೂಯಾರ್ಕಿನ ಮನೆಗಳನ್ನು ಸೇರಿದವು.

ಮೈಸೂರಿನ ಬೀಟೆಯ ಇನ್ಲೇ (ಮರದಲ್ಲಿ ಬೇರೆ ತುಣುಕು ಕೂರಿಸುವ) ಕೆಲಸ ಈ ಸಾಲಿನಲ್ಲಿ ತನ್ನದೇ ಗುರುತುಳ್ಳದ್ದು. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅರಮನೆಯ ಬಾಗಿಲುಗಳನ್ನು ಹತ್ತಿರದಿಂದ ನೋಡಿದವರಿಗೆ ಹಳೆಯ ದಂತದ ಇನ್ಲೇ ಹೇಗೆ ಮಾಗುತ್ತದೆ ಎಂಬುದು ತಿಳಿದಿರುತ್ತದೆ.

ಬಣ್ಣದ ಸಾಮಾನಿನಲ್ಲಿ ಎರಡು ವಿಧಾನಗಳನ್ನು ಬೇರ್ಪಡಿಸಿಕೊಳ್ಳಲೇಬೇಕು, ಏಕೆಂದರೆ ಒಂದರ ಔಷಧ ಇನ್ನೊಂದಕ್ಕೆ ವಿಷ. ಮೊದಲನೆಯದು ಕುಂಚದ ಕೆಲಸ: ಮರದ ಮೇಲೆ ಸೀಮೆಸುಣ್ಣ ಅಥವಾ ಬಿಳಿಮಣ್ಣನ್ನು ಸರೇಸಿನಲ್ಲೋ (ಪ್ರಾಣಿಯ ಚರ್ಮ, ಮೂಳೆಯ ಅಂಟು) ಹುಣಸೆಬೀಜದ ಅಂಟಿನಲ್ಲೋ ಕಲಸಿ ಬಳಿದ ತಳ, ಅದರ ಮೇಲೆ ಗೋಂದು ಅಥವಾ ಎಣ್ಣೆಯಲ್ಲಿ ಅರೆದ ಬಣ್ಣ, ಮೇಲೊಂದು ವಾರ್ನಿಶ್. ಕಾಶ್ಮೀರದ ನಕಾಶಿ, ನಮ್ಮ ಕಿನ್ನಾಳದ ಚಿತ್ರಗಾರರ ಕೆಲಸ ಈ ಗುಂಪಿನವು. ಎರಡನೆಯದು ಕಡೆಯುವ ಯಂತ್ರದ ಮೇಲೆ ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಉಜ್ಜುವ ಬಿಸಿಗೇ ಕರಗಿಸಿ ಹತ್ತಿಸುವುದು. ಚನ್ನಪಟ್ಟಣದಲ್ಲಿ ಅದರ ಮೇಲೆ ತಾಳೆಗರಿ ಒತ್ತಿ ಹೊಳಪು ತರುತ್ತಾರೆ. ಗುಜರಾತಿನ ಸಂಖೇಡಾದ ಕುರ್ಚಿ, ತೂಗುಮಂಚಗಳೂ ಅರಗಿನವೇ. ಕಡೆದ ಕಾಲು, ಕಂಬ, ಮಂಚದ ಗೂಟಗಳಲ್ಲಿ ಅಡ್ಡ ಬಣ್ಣದ ಪಟ್ಟಿಗಳು ಚೊಕ್ಕ ವೃತ್ತವಾಗಿದ್ದರೆ ಅರಗಿನ ಕೆಲಸ ಎಂದುಕೊಂಡೇ ಪರೀಕ್ಷೆ ಶುರುಮಾಡಿ.

ವಯಸ್ಸನ್ನು ಹೇಳುವುದು ಹಿಂಬದಿ

ಮುಂಭಾಗದ ಕೆತ್ತನೆ ಯಾರನ್ನಾದರೂ ಮೋಸಗೊಳಿಸುತ್ತದೆ. ತಳ, ಬೆನ್ನು, ಡ್ರಾಯರಿನ ಒಳಗೋಡೆಗಳನ್ನು ಹುಸಿಯಾಗಿ ಮಾಡುವುದು ಕಷ್ಟ, ಆದ್ದರಿಂದ ಅಲ್ಲಿಂದ ಓದಿ.

ತೂಕ ಮೊದಲು. ಬೀಟೆ ಘನ ಮೀಟರಿಗೆ ಸುಮಾರು 850 ಕೆ.ಜಿ., ತೇಗ ಸುಮಾರು 650 ಕೆ.ಜಿ. ಬೀಟೆಯೆಂದು ಮಾರುವ ಕುರ್ಚಿಯನ್ನು ಒಂದು ಕೈಯಲ್ಲಿ ಸಲೀಸಾಗಿ ಎತ್ತಲು ಬಂದರೆ ಅದು ಬಣ್ಣ ಹೀರಿದ ಬೇರೆ ಮರ. ಕಾಣದ ಜಾಗದಲ್ಲಿ ಸ್ಪಿರಿಟ್ (ಮದ್ಯಸಾರ) ತೋಯಿಸಿದ ಹತ್ತಿಯಿಂದ ಒರೆಸಿದಾಗ ದಟ್ಟ ಕಪ್ಪು-ಕಂದು ಬಣ್ಣ ಎದ್ದು, ಕೆಳಗೆ ತಿಳಿ ಮರ ಕಂಡರೆ ಅದೇ ಖಾತರಿ. ಆದರೆ ಹಳೆಯ ಬಾಂಬೆ ಸಾಮಾನಿಗೂ ಕಪ್ಪು ಪಾಲಿಶ್ ಹಾಕುವ ರೂಢಿ ಇತ್ತು. ಬಣ್ಣ ಏಳುವುದು ಮಾತ್ರಕ್ಕೆ ನಕಲಿ ಎನ್ನಬೇಡಿ, ಅಡಿಯ ಮರವನ್ನು ನೋಡಿ.

ಸ್ಕ್ರೂಗಳು ಒಳ್ಳೆಯ ಸಾಕ್ಷಿ. 1840ರ ದಶಕದ ಮೊದಲಿನ ಸ್ಕ್ರೂಗಳ ತುದಿ ಮೊಂಡು, ತಲೆಯ ಸೀಳು ಅರದಿಂದ ಕೊರೆದದ್ದಾದ್ದರಿಂದ ಸ್ವಲ್ಪ ಓರೆ. ಮೊನಚು ತುದಿಯ ಯಂತ್ರದ ಸ್ಕ್ರೂ ಬಳಕೆಗೆ ಬಂದದ್ದು ಆ ದಶಕದ ಕೊನೆಯಿಂದೀಚೆಗೆ. ಕೂಡುಗುರುತಿನ ಸೀಳುಳ್ಳ ಸ್ಕ್ರೂ 1930ರ ದಶಕದಿಂದೀಚಿನದು. ಸ್ಕ್ರೂ ಬದಲಾಗಿರಬಹುದು, ಆದ್ದರಿಂದ ಒಂದನ್ನು ಬಿಚ್ಚಿ ತೂತು ನೋಡಿ. ಕಬ್ಬಿಣ ಮತ್ತು ಮರದ ಟ್ಯಾನಿನ್ (ಒಗರು ಅಂಶ) ಸೇರಿ ದಶಕಗಳಲ್ಲಿ ನೀಲಿಗಪ್ಪು ಕಲೆ ಮೂಡುತ್ತದೆ. ಹಳೆಯ ಸ್ಕ್ರೂವಿನ ಸುತ್ತ ಆ ಕಲೆ ಇರಲೇಬೇಕು. ಹಳೆಯ ಸ್ಕ್ರೂ, ಕಲೆಯಿಲ್ಲದ ಚೊಕ್ಕ ತೂತು ಎರಡೂ ಒಟ್ಟಿಗಿದ್ದರೆ ಆ ಸ್ಕ್ರೂ ಬೇರೆಲ್ಲಿಂದಲೋ ಬಂದದ್ದು.

ಗರಗಸದ ಗುರುತಿನ ವಿಷಯದಲ್ಲಿ ಪುಸ್ತಕದ ನಿಯಮ ಇಲ್ಲಿ ಅರ್ಧ ಮಾತ್ರ ಸರಿ. ಬಿಲ್ಲಿನಂತೆ ಬಾಗಿದ ಗೀರುಗಳಿದ್ದರೆ ವೃತ್ತಾಕಾರದ ಯಂತ್ರ ಗರಗಸ, ಅಂದರೆ 19ನೇ ಶತಮಾನದ ನಡುವಿಗಿಂತ ಈಚಿನದು ಎಂದು ಹೇಳಬಹುದು. ಆದರೆ ನೇರ, ಅಸಮ ಗೀರುಗಳಿದ್ದ ಮಾತ್ರಕ್ಕೆ ಹಳತಲ್ಲ. ಇಬ್ಬರು ನಿಂತು ಎಳೆಯುವ ಕೈಗರಗಸ ನಮ್ಮಲ್ಲಿ ತೀರ ಇತ್ತೀಚಿನವರೆಗೂ ಓಡಿದೆ.

ದುಂಡು ಮೇಜನ್ನು ಟೇಪಿನಿಂದ ಎರಡು ದಿಕ್ಕಿಗೆ ಅಳೆಯಿರಿ. ಮರ ಎಳೆಯ ಉದ್ದಕ್ಕೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ನೂರು ವರ್ಷ ದಾಟಿದ 90 ಸೆಂ.ಮೀ. ಮೇಜು ಅಡ್ಡಕ್ಕೆ ನಾಲ್ಕೈದು ಮಿ.ಮೀ. ಕಡಿಮೆ ಇರುವುದು ಸಹಜ. ಎರಡೂ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಿದ್ದರೆ ಅನುಮಾನಪಡಿ.

ಸವೆತಕ್ಕೂ ತರ್ಕ ಇದೆ. ಕುರ್ಚಿಯ ತೋಳಿನ ತುದಿ, ಮುಂದಿನ ಅಡ್ಡಪಟ್ಟಿಯ ಮೇಲ್ಭಾಗ, ಡ್ರಾಯರಿನ ತಳದ ಓಡುಪಟ್ಟಿ ಸವೆಯುತ್ತವೆ. ಯಾರ ಕೈಕಾಲೂ ತಾಗದ ಮೂಲೆ ಸವೆದಿದ್ದು, ತಾಗುವ ಜಾಗ ಚೂಪಾಗಿದ್ದರೆ ಅದು ಅರ ಹಿಡಿದು ಮಾಡಿದ ಮುಪ್ಪು. ಹುಳದ ತೂತು ಮರದ ಮೇಲ್ಮೈಯಲ್ಲಿ ದುಂಡಗೆ ಕಾಣಬೇಕು, ಒಳಗೆ ತಿರುಗಿ ಹೋಗಬೇಕು. ಹುಳದ ಸುರಂಗ ಉದ್ದಕ್ಕೆ ಸೀಳಿ ಕಾಲುವೆಯಂತೆ ಹೊರಗೇ ಕಂಡರೆ, ಹುಳ ತಿಂದ ಮೇಲೆ ಆ ಮರವನ್ನು ಕೊಯ್ದಿದ್ದಾರೆ. ಹಳೆಯ ಬಾಗಿಲು, ತೊಲೆಗಳಿಂದ ಹೊಸ ಮೇಜು ಮಾಡಿದಾಗ ಹೀಗೇ ಆಗುವುದು.

ಬಣ್ಣದ ಸಾಮಾನಿಗೆ ಒಂದೇ ಪ್ರಶ್ನೆ ಕೇಳಿ: ಬಣ್ಣ ಮೊದಲೋ, ಬಿರುಕು ಮೊದಲೋ? ಭೂತಗನ್ನಡಿ ಹಿಡಿದು ಮರದ ಬಿರುಕಿನೊಳಗೆ ನೋಡಿ. ಬಣ್ಣ ಬಿರುಕಿನ ಅಂಚಿಗೇ ತುಂಡಾಗಿದ್ದರೆ ಬಣ್ಣ ಹಳೆಯದು. ಒಳಗೆ ಇಳಿದು ಗೋಡೆಗೆ ಹತ್ತಿದ್ದರೆ, ಮರ ಒಡೆದ ಮೇಲೆ ಯಾರೋ ಬಳಿದಿದ್ದಾರೆ. ಸಾದಾ ಹಳೆಯ ತೇಗದ ಪೆಟ್ಟಿಗೆಗೆ ಹೊಸದಾಗಿ ಹೂಬಳ್ಳಿ ಬರೆದು ಬೆಲೆ ಏರಿಸುವುದು ಮಾರುಕಟ್ಟೆಯಲ್ಲಿ ಅಪರೂಪವಲ್ಲ. ಹಳೆಯ ಸಾಮಾನು ಮಾರುವ ಕೊಚ್ಚಿಯ ಮಟ್ಟಾಂಚೇರಿಯಿರಲಿ, ತಮಿಳುನಾಡಿನ ಕಾರೈಕುಡಿಯಿರಲಿ, ಹಣ ಕೊಡುವ ಮೊದಲು ಈ ಒಂದು ಪರೀಕ್ಷೆ ಬಿಡಬೇಡಿ.

ದಂತವಿದ್ದರೆ, ನೂರು ವರ್ಷ ದಾಟಿದ್ದರೆ

ಬಿಳಿ ಇನ್ಲೇ ಕಂಡರೆ ಅದು ದಂತವೋ ಮೂಳೆಯೋ ಪ್ಲಾಸ್ಟಿಕ್ಕೋ ತಿಳಿಯಬೇಕು. ಕಾದ ಸೂಜಿಯ ಪರೀಕ್ಷೆ ಬೇಡ, ಗಾಯ ಉಳಿಯುತ್ತದೆ. ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಮೂಳೆಯಲ್ಲಿ ರಕ್ತನಾಳಗಳ ಸಣ್ಣ ಕಪ್ಪು ಚುಕ್ಕೆ, ಗೀರುಗಳಿರುತ್ತವೆ. ಆನೆಯ ದಂತವನ್ನು ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ಹಾಯುವ ಬಾಗಿದ ಗೆರೆಗಳ ಜಾಲ ಕಾಣುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಎರಡೂ ಇಲ್ಲ. ಎಲ್ಲ ತುಣುಕೂ ಒಂದೇ ಬಿಳುಪು, ಹಳದಿಗೆ ತಿರುಗಿದ ಏರಿಳಿತವೂ ಇಲ್ಲ.

ದಂತವೇ ಆದರೆ, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅದನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ನಮ್ಮ ಆನೆಯ ದಂತದ ವ್ಯಾಪಾರವನ್ನು 1986ರ ತಿದ್ದುಪಡಿ, ಆಫ್ರಿಕದ ದಂತದ್ದನ್ನು 1991ರ ತಿದ್ದುಪಡಿ ನಿಲ್ಲಿಸಿತು. ವಸ್ತು ಎಷ್ಟು ಹಳೆಯದು ಎಂಬುದು ಇಲ್ಲಿ ರಿಯಾಯಿತಿ ಕೊಡುವುದಿಲ್ಲ. ಮನೆತನದಿಂದ ಬಂದದ್ದಾದರೆ, ಬಂದ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಿ ಮಾಲೀಕತ್ವದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಬಿದ್ದುಹೋದ ದಂತದ ತುಣುಕಿನ ಜಾಗಕ್ಕೆ ಹೊಸ ದಂತ ಹುಡುಕಿಕೊಂಡು ಹೋಗುವುದೂ ಅಪರಾಧವೇ. ಮೂಳೆ ಅಥವಾ ಬಣ್ಣ ಹೊಂದಿಸಿದ ರಾಳ ಬಳಸಿ.

ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ 1972 ನೂರು ವರ್ಷ ದಾಟಿದ ಕಲಾಕುಸುರಿಯ ವಸ್ತುಗಳನ್ನು ಪುರಾತನ ವಸ್ತುವೆಂದು ಕರೆಯುತ್ತದೆ. ಅಂಥದ್ದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಮಾರುವ ವ್ಯಾಪಾರಿಗೆ ಪರವಾನಗಿ ಬೇಕು. ನೂರು ವರ್ಷದೊಳಗಿನದನ್ನು ಕಳಿಸಲು ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ ಅದು ಪುರಾತನವಲ್ಲ ಎಂಬ ಪತ್ರ ಪಡೆಯಬಹುದು. ಆದರೆ ಬೀಟೆಯ ಕುಲದ ಬಹುತೇಕ ಎಲ್ಲ ಮರಗಳೂ 2017ರ ಜನವರಿಯಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಅದರ ಕಾಗದವೂ ಬೇರೆ ಬೇಕಾಗಬಹುದು.

ಹುಳು

ಗೆದ್ದಲು ನೆಲದಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಬರುತ್ತದೆ. ಸಾಮಾನನ್ನು ನೆಲ, ಗೋಡೆಗಳಿಂದ ಬೇರ್ಪಡಿಸಿದರೆ ಅದರ ದಾರಿ ತಪ್ಪುತ್ತದೆ. ಮರ ಕೊರೆಯುವ ದುಂಬಿ ಹಾಗಲ್ಲ, ಅದು ಒಳಗೇ ಸಂಸಾರ ಹೂಡಿರುತ್ತದೆ. ಒಂದರಿಂದ ಮೂರು ಮಿ.ಮೀ. ತೂತು, ಅದರಿಂದ ನುಣುಪು ಪುಡಿ. ಬೀಟೆ, ತೇಗಗಳ ಚೇಗನ್ನು (ಒಳಗಿನ ಗಟ್ಟಿ ಮರ) ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಪಿಷ್ಟ ಇರುವುದು ಹೊರಗಿನ ಬಿಳಿ ಭಾಗದಲ್ಲಿ, ಹಾಗಾಗಿ ಹಲಗೆಯ ಬಿಳಿ ಅಂಚು, ಬೆನ್ನಿನ ಅಗ್ಗದ ಮರ, ಬೆತ್ತ ಇವನ್ನೇ ಮೊದಲು ಹುಡುಕಿ.

ಬಣ್ಣವಿಲ್ಲದ ಒಳಮುಖಗಳಿಂದ, ಪ್ರತಿ ತೂತಿಗೆ ಸಿರಿಂಜಿನಲ್ಲಿ ಪರ್ಮೆಥ್ರಿನ್ ಇರುವ ಮರದ ಔಷಧ ಬಿಡಿ. ಒಂದು ತೂತಿಗೆ ಬಿಟ್ಟದ್ದು ಇನ್ನೊಂದರಿಂದ ಚಿಮ್ಮಬಹುದು, ಕಣ್ಣಿಗೆ ಕನ್ನಡಕ ಇರಲಿ. ಬಣ್ಣದ ಮುಖದಿಂದ ಎಂದೂ ಬಿಡಬೇಡಿ. ಔಷಧದ ದ್ರಾವಕ ಬಣ್ಣದ ಹಿಂದಿನಿಂದ ಬಂದು ಕಲೆ ಮಾಡುತ್ತದೆ, ವಾರ್ನಿಶ್ ಮೆತ್ತಗಾಗಿಸುತ್ತದೆ. ಮೈಯೆಲ್ಲ ಬಣ್ಣವಿರುವ ಪೆಟ್ಟಿಗೆಗೆ ಸರಿಯಾದ ದಾರಿ ಗಾಳಿಯಾಡದ ಚೀಲದಲ್ಲಿಟ್ಟು ನೈಟ್ರೋಜನ್ ತುಂಬಿ, ಆಮ್ಲಜನಕವನ್ನು ಶೇ. 0.5ಕ್ಕಿಂತ ಕೆಳಗಿಳಿಸಿ ಮೂರು ವಾರ ಇಡುವುದು. ಇದು ಸಂರಕ್ಷಣಾ ಪ್ರಯೋಗಾಲಯದ ಕೆಲಸ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಜೊತೆ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ ನಡೆಸುವ ಕಲಾ ಸಂರಕ್ಷಣಾ ಕೇಂದ್ರ, ಮೈಸೂರಿನಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಇವೆ. ಸಲಹೆ ಕೇಳಲು ಸಂಕೋಚ ಬೇಡ.

ಕೆತ್ತನೆಯ ಧೂಳು

ಒಣ ಕೆಲಸವೇ ಮುಕ್ಕಾಲು. ಮೃದು ಕೂದಲಿನ ಅರ್ಧ ಇಂಚಿನ ಕುಂಚದಿಂದ ಸಂದಿಯ ಧೂಳನ್ನು ಎಬ್ಬಿಸಿ, ಬಾಯಿಗೆ ತೆಳು ಮಸ್ಲಿನ್ ಬಟ್ಟೆ ಕಟ್ಟಿದ ವ್ಯಾಕ್ಯೂಮ್ ಕೊಳವೆಯನ್ನು ಎರಡು ಇಂಚು ದೂರ ಹಿಡಿದು ಎಳೆಸಿ. ಬಟ್ಟೆ ಯಾಕೆಂದರೆ ಕಳಚಿದ ಎಲೆಯ ತುದಿ, ಇನ್ಲೇ ತುಣುಕು ಚೀಲಕ್ಕೆ ಹೋಗದೆ ಅಲ್ಲೇ ಸಿಕ್ಕುತ್ತವೆ. ಕುಂಚದ ಲೋಹದ ಪಟ್ಟಿಗೆ ಟೇಪು ಸುತ್ತಿಡಿ, ಇಲ್ಲವಾದರೆ ಅದೇ ಗೀರು ಹಾಕುತ್ತದೆ.

ಆಮೇಲೂ ಉಳಿಯುವುದು ಜಿಡ್ಡು, ಹೊಗೆ, ಹಳೆಯ ಮೇಣ. ಬಣ್ಣವಿಲ್ಲದ ಬೀಟೆ, ತೇಗಕ್ಕೆ ಮಿನರಲ್ ಟರ್ಪೆಂಟೈನ್ ತೋಯಿಸಿ ಹಿಂಡಿದ ಹತ್ತಿಕಡ್ಡಿಯಿಂದ ಉರುಳಿಸಿ ಒರೆಸಿ. ಮೇಣ, ಜಿಡ್ಡು ಕರಗುತ್ತವೆ, ಅಡಿಯ ಅರಗಿನ ಪಾಲಿಶ್ ಕರಗುವುದಿಲ್ಲ. ಅದಕ್ಕೂ ಬಗ್ಗದ ಮಣ್ಣಿಗೆ ಒಂದು ಲೀಟರ್ ಬಟ್ಟಿಯಿಳಿಸಿದ ನೀರಿಗೆ 5 ಮಿ.ಲೀ. ಸೌಮ್ಯ, ಕ್ಷಾರವಿಲ್ಲದ ಮಾರ್ಜಕ ಬೆರೆಸಿ, ಹತ್ತಿಕಡ್ಡಿ ತೇವವಾಗುವಷ್ಟೇ ಅದ್ದಿ. ಒಮ್ಮೆಗೆ ಅಂಗೈಯಷ್ಟು ಜಾಗ, ಕೂಡಲೇ ಬರಿನೀರಿನ ಕಡ್ಡಿ, ಕೂಡಲೇ ಒಣಬಟ್ಟೆ. ಕಿಟಕಿ ತೆರೆದಿರಲಿ, ಹತ್ತಿರ ಒಲೆ-ದೀಪ ಬೇಡ. ಟರ್ಪೆಂಟೈನ್ ಹತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹರಡಿ ಒಣಗಿಸಿ.

ಕೊಬ್ಬರಿ ಎಣ್ಣೆ, ಅಗಸೆ ಎಣ್ಣೆ ಸವರುವ ರೂಢಿ ಬಿಡಿ. ಕೊಬ್ಬರಿ ಎಣ್ಣೆ ಒಣಗುವುದೇ ಇಲ್ಲ, ಧೂಳು ಹಿಡಿದು ಅಂಟುತ್ತದೆ. ಅಗಸೆ ಎಣ್ಣೆ ಒಣಗುತ್ತದೆ, ಆದರೆ ವರ್ಷ ಕಳೆದಂತೆ ಕಪ್ಪಗೆ ಗಟ್ಟಿಯಾಗಿ ಯಾವ ಸೌಮ್ಯ ದ್ರಾವಕಕ್ಕೂ ಕರಗದಂತಾಗುತ್ತದೆ. ಹಿತ್ತಾಳೆಯ ಹಿಡಿ, ಮೂಲೆಪಟ್ಟಿಗಳನ್ನು ಹುಣಸೆಹಣ್ಣಿನಿಂದ ತಿಕ್ಕುವುದೂ ಬೇಡ, ಹುಳಿ ಮರಕ್ಕೆ ಇಳಿದು ಸುತ್ತ ಕಲೆಯಾಗುತ್ತದೆ. ಲೋಹದ ಸುತ್ತ ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿ, ಒಣ ಬಟ್ಟೆಯಲ್ಲಿ ಸ್ವಲ್ಪವೇ ಪಾಲಿಶ್ ತೆಗೆದುಕೊಂಡು ಒರೆಸಿ.

ಬಣ್ಣದ ಪದರ

ಇಲ್ಲಿ ಆತುರಪಡುವವರು ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಹಳೆಯ ಬಣ್ಣಗಳಲ್ಲಿ ವಿಷವೂ ಇದೆ: ಕೆಂಪು ಇಂಗಳೀಕದಲ್ಲಿ ಪಾದರಸ, ಹಳದಿ ಹರಿತಾಳದಲ್ಲಿ ಆರ್ಸೆನಿಕ್, ಸಿಂಧೂರದಲ್ಲೂ ಹಳೆಯ ಬಿಳಿಯಲ್ಲೂ ಸೀಸ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಒಣಗಿದ ಬಣ್ಣವನ್ನು ಯಾವ ಕಾರಣಕ್ಕೂ ಉಜ್ಜಿ ಪುಡಿ ಎಬ್ಬಿಸಬೇಡಿ.

ಮೊದಲು ಬಣ್ಣ ಯಾವುದಕ್ಕೆ ಕರಗುತ್ತದೆ ಎಂಬ ಪರೀಕ್ಷೆ. ಕಾಲಿನ ಒಳಮಗ್ಗುಲಲ್ಲಿ ಪ್ರತಿ ಬಣ್ಣಕ್ಕೂ ಐದು ಮಿ.ಮೀ. ಜಾಗ ಆರಿಸಿ. ಒಣ ಕಡ್ಡಿ, ನೀರಿನ ಕಡ್ಡಿ, ಮಿನರಲ್ ಟರ್ಪೆಂಟೈನ್, ಕೊನೆಗೆ ಸ್ಪಿರಿಟ್, ಈ ಕ್ರಮದಲ್ಲಿ ಒಂದೊಂದರಿಂದ ಎರಡು ಸಲ ಉರುಳಿಸಿ, ನಡುವೆ ಹತ್ತು ನಿಮಿಷ ಬಿಡಿ. ಕಡ್ಡಿಯ ತುದಿಗೆ ಬಣ್ಣ ಬಂದ ಕಡೆ ನಿಲ್ಲಿಸಿ. ಒಣ ಕಡ್ಡಿಗೇ ಬಂದರೆ ಬಣ್ಣ ಪುಡಿಯಾಗುತ್ತಿದೆ. ನೀರಿಗೆ ಬಂದರೆ ಗೋಂದಿನ ಬಣ್ಣ, ಅದಕ್ಕೆ ಇನ್ನು ನೀರಿನ ಹನಿಯೂ ತಾಗಬಾರದು. ಸ್ಪಿರಿಟ್ಟಿಗೆ ಬಂದರೆ ಅರಗು. ಯಾವುದಕ್ಕೂ ಬರದಿದ್ದರೆ ಎಣ್ಣೆ ಬಣ್ಣ, ಅಥವಾ 20ನೇ ಶತಮಾನದಲ್ಲಿ ಮೇಲೆ ಬಳಿದ ಎನಾಮೆಲ್. ಎನಾಮೆಲ್ಲಿನ ಅಡಿಯಲ್ಲಿ ಹಳೆಯ ಚಿತ್ರ ಇರಬಹುದೆಂಬ ಅನುಮಾನವಿದ್ದರೂ ಪೇಂಟ್ ರಿಮೂವರ್ ಹಾಕಬೇಡಿ. ಅದು ಮೇಲಿನದು ಕೆಳಗಿನದು ಎಂಬ ಭೇದ ನೋಡದೆ ಮರದವರೆಗೂ ಎಬ್ಬಿಸುತ್ತದೆ. ತಜ್ಞರು ಸೂಕ್ಷ್ಮದರ್ಶಕದ ಕೆಳಗೆ ಚೂರಿಯಿಂದ ಕಿಟಕಿಯಷ್ಟು ಜಾಗ ತೆರೆದು ನೋಡುತ್ತಾರೆ.

ನೀರಿಗೆ ಗಟ್ಟಿಯಾಗಿ ನಿಲ್ಲುವ ಬಣ್ಣದ ಮೇಲಿನ ಕೊಳೆಗೆ ಸಂರಕ್ಷಕರು ಬಳಸುವ ಸಾಧನ ಜೊಲ್ಲು. ಅದರ ಕಿಣ್ವಗಳು ಜಿಡ್ಡನ್ನು ಒಡೆಯುತ್ತವೆ, ಬಣ್ಣಕ್ಕೆ ತೊಂದರೆ ಮಾಡುವುದಿಲ್ಲ. ಎಂಜಲೆಂದು ಮನಸ್ಸು ಒಪ್ಪದವರು ಮೇಲೆ ಹೇಳಿದ ಮಾರ್ಜಕದ ನೀರನ್ನೇ ಬಳಸಬಹುದು. ಯಾವುದಾದರೂ ಪ್ರತಿ ಸಲ ಹೊಸ ಕಡ್ಡಿ. ಬಳಸಿದ ಕಡ್ಡಿ ಮತ್ತೆ ಬಾಯಿಗೆ ಹೋದರೆ ಸೀಸವೂ ಹೋಗುತ್ತದೆ.

ಎದ್ದ ಚಕ್ಕೆಗಳನ್ನು ಕೂರಿಸಿದ ಮೇಲಷ್ಟೇ ಶುಚಿ, ಮೊದಲು ಅಲ್ಲ. ಚಕ್ಕೆ ಏಳುವ ಕಾರಣ ಸರಳ: ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಸೀಮೆಸುಣ್ಣದ ತಳ ಎರಡೂ ಮಾಡದು. ಒಂದು ದಿನ ತಳ ಮರದ ಹಿಡಿತ ಬಿಡುತ್ತದೆ. ನೀರಿಗೆ ಕರಗದ ಬಣ್ಣ ಮತ್ತು ಅರಗಿಗೆ ಹೀಗೆ ಮಾಡಿ:

1. ಬಣ್ಣದ ಮುಖ ಮೇಲೆ ಬರುವಂತೆ ಸಾಮಾನನ್ನು ಕಂಬಳಿಯ ಮೇಲೆ ಮಲಗಿಸಿ. ನಿಂತ ಮುಖದ ಮೇಲೆ ಅಂಟು ಒಳಗೆ ಹೋಗದೆ ಕೆಳಗೆ ಹರಿಯುತ್ತದೆ.

2. ಎರಡು ಗ್ರಾಂ ಶುದ್ಧ ಜೆಲಟಿನ್ ಅನ್ನು 100 ಮಿ.ಲೀ. ಬಟ್ಟಿಯಿಳಿಸಿದ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು 45–50 ಡಿಗ್ರಿಗೆ ಕರಗಿಸಿ. ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ.

3. ಸಣ್ಣ ಕುಂಚದ ತುದಿಯಿಂದ ಒಂದು ಹನಿಯನ್ನು ಚಕ್ಕೆಯ ಅಂಚಿಗೆ ತಾಗಿಸಿ. ಸಂದಿ ತಾನೇ ಹೀರಿಕೊಳ್ಳುತ್ತದೆ. ಹೀರದೆ ಮಣಿಯಂತೆ ನಿಂತರೆ ಎಣ್ಣೆ ಬಣ್ಣಕ್ಕೆ ಮಾತ್ರ, ಅದೂ ಕಾಣದ ಜಾಗದಲ್ಲಿ ಪರೀಕ್ಷಿಸಿ, ಅರ್ಧ ನೀರು ಅರ್ಧ ಸ್ಪಿರಿಟ್ಟಿನ ಹನಿಯನ್ನು ಮೊದಲು ಬಿಡಬಹುದು. ಅರಗಿಗೆ ಸ್ಪಿರಿಟ್ ತಾಗಿಸಲೇಬೇಡಿ, ಕರಗಿ ಅಂಟಂಟಾಗುತ್ತದೆ.

4. ಎರಡು-ಮೂರು ನಿಮಿಷದಲ್ಲಿ ಚಕ್ಕೆ ಮೆತ್ತಗಾಗುತ್ತದೆ. ಸಿಲಿಕೋನ್ ಲೇಪದ ಕಾಗದ ಇಟ್ಟು ಬೆರಳಿನಿಂದ ನಿಧಾನ ಒತ್ತಿ. ಗಟ್ಟಿ ಚಕ್ಕೆಯನ್ನು ಒತ್ತಾಯ ಮಾಡಿದರೆ ನಡುವೆ ಮುರಿಯುತ್ತದೆ, ಇನ್ನೊಂದು ಹನಿ ಬಿಟ್ಟು ಕಾಯಿರಿ. ಕುಂಚದ ಕೆಲಸಕ್ಕೆ ಸಂರಕ್ಷಕರು ಬಿಸಿ ಕರಣೆ ಬಳಸುತ್ತಾರೆ, ಅರಗಿಗೆ ಬಿಸಿ ನಿಷಿದ್ಧ.

5. ಕಾಗದದ ಮೇಲೆ ಸಣ್ಣ ಮರಳಿನ ಚೀಲ ಇಟ್ಟು ರಾತ್ರಿ ಕಳೆಯಲಿ. ಹೊರಗೆ ಉಳಿದ ಜೆಲಟಿನ್ ಅನ್ನು ಹಿಂಡಿದ ತೇವದ ಕಡ್ಡಿಯಿಂದ ತೆಗೆಯಿರಿ. ಬಿಟ್ಟರೆ ಹೊಳೆಯುವ ಕಲೆ, ಆಮೇಲೆ ಬೂಷ್ಟು.

ಮೊದಲ ದಿನ ಎರಡು ಸೆಂ.ಮೀ. ಜಾಗ ಮಾತ್ರ ಮಾಡಿ ಮರುದಿನ ನೋಡಿ. ಈ ಕೆಲಸಕ್ಕೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಜೆಲಟಿನ್ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ನೀರಿಗೆ ಕರಗುವ ಗೋಂದಿನ ಬಣ್ಣಕ್ಕೆ ಇದಾವುದೂ ಸಲ್ಲದು. ಅದಕ್ಕೆ ದ್ರಾವಕದಲ್ಲಿ ಕರಗಿಸಿದ ಅಕ್ರಿಲಿಕ್ ರಾಳ ಬೇಕು, ಪ್ರಮಾಣ ತಪ್ಪಿದರೆ ಬಣ್ಣ ಕಪ್ಪಾಗಿ ಹೊಳೆಯುತ್ತದೆ. ತಜ್ಞರಿಗೆ ಬಿಡಿ.

ಬಣ್ಣ ಪೂರ್ತಿ ಹೋದ ಜಾಗವನ್ನು ಹೊಸ ಹೂವಿನಿಂದ ತುಂಬುವ ಆಸೆ ಬರುತ್ತದೆ. ಬರಿ ಮರ ಕಣ್ಣಿಗೆ ಚುಚ್ಚಿದರೆ ಜಲವರ್ಣದಲ್ಲಿ ಸುತ್ತಲಿನದಕ್ಕಿಂತ ಒಂದು ಛಾಯೆ ತಿಳಿಯಾದ ಬಣ್ಣವನ್ನು ಆ ಜಾಗಕ್ಕಷ್ಟೇ ಹಾಕಿ, ಹಳೆಯ ಬಣ್ಣದ ಮೇಲೆ ಒಂದು ಕೂದಲೆಳೆಯೂ ಹಾಯಬಾರದು.

ಅಲುಗಾಡುವ ಕಾಲು, ಮುರಿದ ಎಲೆ

ಹಳೆಯ ಬೆಸುಗೆ ಸರೇಸಿನದು. ಅದು ಒಣಗಿ ಪುಡಿಯಾದಾಗ ಕಾಲು ಅಲುಗಾಡುತ್ತದೆ, ಬಿಚ್ಚಿ ಮತ್ತೆ ಕೂಡಿಸುವುದು ಸುಲಭ. ಮೊಳೆ ಹೊಡೆದರೆ ಬೀಟೆ ಸೀಳುತ್ತದೆ. ಬಿಳಿ ಅಂಟು ಹಾಕಿದರೆ ಮುಂದಿನ ಸಲ ಬಿಚ್ಚಲು ಬರದೆ ಮರವೇ ಮುರಿಯುತ್ತದೆ. ಕಾಳಿನ ಸರೇಸು ಒಂದು ಪಾಲು, ತಣ್ಣೀರು ಎರಡು ಪಾಲು, ರಾತ್ರಿ ನೆನೆಸಿ ಬಿಸಿನೀರಿನ ಪಾತ್ರೆಯಲ್ಲಿಟ್ಟು 60 ಡಿಗ್ರಿಗೆ ಕಾಯಿಸಿ. ಕುಂಚ ಎತ್ತಿದರೆ ಕಡಿಯದೆ ಎಳೆಯಾಗಿ ಇಳಿಯಬೇಕು. ಬೆಸುಗೆಯ ಹಳೆಯ ಅಂಟನ್ನು ಬಿಸಿನೀರಿನ ಬಟ್ಟೆಯಿಂದ ಮೆತ್ತಗೆ ಮಾಡಿ ಮರದ ಚೂರಿನಿಂದ ತೆಗೆಯಿರಿ. ಉಳಿ ತಾಗಿಸಿದರೆ ನಾಲಿಗೆ (ತೂತಿನೊಳಗೆ ಕೂರುವ ತುದಿ) ಸಣ್ಣದಾಗಿ ಸಡಿಲವಾಗುತ್ತದೆ. ಮರವನ್ನೂ ಸ್ವಲ್ಪ ಬೆಚ್ಚಗೆ ಮಾಡಿ, ಅಂಟು ಹಚ್ಚಿ, ಎರಡು ನಿಮಿಷದೊಳಗೆ ಕೂಡಿಸಿ, ಸುತ್ತ ಹಗ್ಗ ಕಟ್ಟಿ ನಡುವೆ ಕಡ್ಡಿ ಹಾಕಿ ತಿರುಚಿ ಬಿಗಿ ಮಾಡಿ. ಹಗ್ಗದಡಿ ಕೆತ್ತನೆ ಜಜ್ಜದಂತೆ ದಪ್ಪ ಬಟ್ಟೆ ಇರಲಿ. ನಾಲ್ಕು ಕಾಲೂ ಸಮತಟ್ಟು ನೆಲದ ಮೇಲಿರುವಾಗಲೇ ಬಿಗಿಯಬೇಕು, ಇಲ್ಲದಿದ್ದರೆ ಕುರ್ಚಿ ಕುಂಟುತ್ತದೆ. ಒಂದು ದಿನ ಬಿಡಿ.

ಕಳೆದುಹೋದ ಕೆತ್ತನೆಯ ತುಂಡಿಗೆ ಅದೇ ಜಾತಿಯ ಹಳೆಯ ಮರ, ಎಳೆಯ ದಿಕ್ಕೂ ಅದೇ ಇರಬೇಕು. ಎಳೆ ಅಡ್ಡವಾದರೆ ಎರಡು ಮಳೆಗಾಲದಲ್ಲಿ ಬೆಸುಗೆ ಬಿಡುತ್ತದೆ. ಮುರಿದ ಮುಖವನ್ನು ಸಮಮಾಡಲು ಹಳೆಯ ಮರವನ್ನು ಕೊಯ್ಯುವುದು ಬಡಗಿಗಳ ವಾಡಿಕೆ, ಅದಕ್ಕೆ ಒಪ್ಪಬೇಡಿ. ಹೊಸ ತುಂಡನ್ನೇ ಮುರಿದ ಮುಖಕ್ಕೆ ಹೊಂದುವಂತೆ ಕೆತ್ತಿಸಿ.

ಬೆತ್ತ

ಹರಿದ ಬೆತ್ತವನ್ನು ಬಿಚ್ಚುವ ಮೊದಲು ಫೋಟೋ ತೆಗೆದು ಒಂದು ತುಂಡು ಉಳಿಸಿಕೊಳ್ಳಿ. ಚೌಕಟ್ಟಿನ ತೂತುಗಳ ನಡುವಿನ ಅಂತರ ಸುಮಾರು 12–13 ಮಿ.ಮೀ. ಇದ್ದರೆ ಎರಡೂವರೆ ಮಿ.ಮೀ. ಅಗಲದ ಸೀಳು ಬೆತ್ತ ಹೊಂದುತ್ತದೆ. ಇಪ್ಪತ್ತು ನಿಮಿಷ ನೀರಿನಲ್ಲಿ ನೆನೆಸಿ, ಒದ್ದೆಯಿರುವಾಗಲೇ ಹೆಣೆಯಿರಿ. ಒಣಗಿ ಬಿಗಿಯುವುದರಿಂದ ಡೋಲಿನ ಚರ್ಮದಂತೆ ನಿಲ್ಲುತ್ತದೆ. ಮೊದಲು ಮುಂದಿನಿಂದ ಹಿಂದಕ್ಕೆ, ಅದರ ಮೇಲೆ ಎಡದಿಂದ ಬಲಕ್ಕೆ, ಮತ್ತೆ ಮುಂದಿನಿಂದ ಹಿಂದಕ್ಕೆ, ನಾಲ್ಕನೆಯದು ಅಡ್ಡಡ್ಡ ಹೆಣೆಯುತ್ತ, ಐದು-ಆರನೆಯವು ಎರಡು ಓರೆ ದಿಕ್ಕಿಗೆ. ಓರೆಯ ಎಳೆ ಸರಾಗ ಜಾರಬೇಕು. ಪ್ರತಿ ಚೌಕದಲ್ಲೂ ತಡೆದರೆ ಮೇಲೆ-ಕೆಳಗೆ ತಪ್ಪಿದ್ದೀರಿ, ಬಿಚ್ಚಿ ಮತ್ತೆ ಹೆಣೆಯಿರಿ.

ಮೇಣ

ನೂರು ಗ್ರಾಂ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿ ಕರಗಿಸಿ, ಒಲೆ ಆರಿಸಿ, ಬೆಂಕಿಯಿಂದ ದೂರ ಒಯ್ದು 300 ಮಿ.ಲೀ. ಟರ್ಪೆಂಟೈನ್ ಬೆರೆಸಿ. ಬಣ್ಣವಿಲ್ಲದ ಮರಕ್ಕೆ ವರ್ಷಕ್ಕೊಮ್ಮೆ, ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಕುಂಚದಿಂದ ಉಜ್ಜಿ ಹೊಳಪು ತನ್ನಿ. ಹೆಚ್ಚು ಹಚ್ಚಿದರೆ ಸಂದಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಚಕ್ಕೆ ಏಳುತ್ತಿರುವ ಬಣ್ಣಕ್ಕೆ ಮೇಣ ಬೇಡ, ಮುಂದೆ ಅಂಟು ಒಳಗೆ ಹೋಗಲು ಅದೇ ಅಡ್ಡಿ.

ಇಡುವುದು, ಎತ್ತುವುದು

ಕಿಟಕಿಯ ನೇರ ಬಿಸಿಲು, ಹವಾನಿಯಂತ್ರಕದ ಗಾಳಿಯ ಎದುರು ಬೇಡ. ಶೇ. 45ರಿಂದ 60ರ ತೇವಾಂಶ ಹಿತ, ಕರಾವಳಿಯಲ್ಲಿ ಅದು ಸಿಗದು. ಅಲ್ಲಿ ಮುಖ್ಯವಾದದ್ದು ಏಕರೂಪತೆ. ಹಗಲು ಎಂಟು ಗಂಟೆ ಏಸಿ, ರಾತ್ರಿ ಪೂರ್ತಿ ಕಡಲಗಾಳಿ ಎಂದರೆ ಹಲಗೆ ಸೀಳುತ್ತದೆ, ಇನ್ಲೇ ಎದ್ದು ಬೀಳುತ್ತದೆ. ಗೋಡೆಯಿಂದ ಮೂರು ಇಂಚು ದೂರವಿರಲಿ. ದಿನವೂ ನೆಲ ಒರೆಸುವ ಫಿನಾಯಿಲ್ ನೀರು ಕಾಲುಗಳ ತುದಿಯಿಂದ ಮೇಲೇರಿ ಪಾಲಿಶ್ ಬೆಳ್ಳಗಾಗಿಸುತ್ತದೆ. ಕಾಲಿನಡಿ ಸಣ್ಣ ಗಾಜಿನ ಬಟ್ಟಲು ಅಥವಾ ದಪ್ಪ ಫೆಲ್ಟ್ ಹಾಕಿ, ಒರೆಸುವವರಿಗೆ ಆ ಜಾಗ ಒಣಬಟ್ಟೆಯಲ್ಲಿ ಒರೆಸಲು ಹೇಳಿ. ಅರಗಿನ ಮೇಜಿನ ಮೇಲೆ ಬಿಸಿ ಲೋಟ ಇಟ್ಟರೆ ವೃತ್ತ ಅಚ್ಚೊತ್ತುತ್ತದೆ.

ಸರಿಸುವಾಗ ಎಳೆಯಬೇಡಿ. ಕುರ್ಚಿಯನ್ನು ತೋಳು ಹಿಡಿದಲ್ಲ, ಕೂರುವ ಚೌಕಟ್ಟಿನಡಿ ಕೈಹಾಕಿ ಎತ್ತಿ. ಮೇಜನ್ನು ಹಲಗೆಯಿಂದಲ್ಲ, ಅದರಡಿಯ ಪಟ್ಟಿಯಿಂದ. ದುಂಡು ಮೇಜಿನ ಮಡಚುವ ಹಲಗೆಯ ಕೊಕ್ಕೆ ಮೊದಲು ನೋಡಿಕೊಳ್ಳಿ, ಹಳೆಯ ಹಿತ್ತಾಳೆಯ ಕೊಕ್ಕೆ ಸವೆದಿದ್ದರೆ ಎತ್ತುವಾಗ ಹಲಗೆ ತಟ್ಟನೆ ಬಿದ್ದು ಕೆತ್ತಿದ ಅಂಚು ಒಡೆಯುತ್ತದೆ. ಡ್ರಾಯರುಗಳನ್ನು ತೆಗೆದು ಬೇರೆ ಒಯ್ಯಿರಿ, ಯಾವುದು ಎಲ್ಲಿಯದು ಎಂದು ಸೀಸದ ಕಡ್ಡಿಯಲ್ಲಿ ಒಳಬದಿಗೆ ಬರೆದುಕೊಳ್ಳಿ. ಕೈಯಲ್ಲಿ ಮಾಡಿದ ಡ್ರಾಯರುಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಟೆಂಪೋದಲ್ಲಿ ಸಾಗಿಸುವುದಾದರೆ ಕೆತ್ತನೆಗೆ ಹಳೆಯ ಹತ್ತಿ ಬೆಡ್‌ಶೀಟ್ ಸುತ್ತಿ, ಮೇಲೆ ಕಂಬಳಿ. ಪ್ಲಾಸ್ಟಿಕ್ ಹಾಳೆಯನ್ನು ಬಣ್ಣದ ಮೇಲೆ ನೇರ ಸುತ್ತಿದರೆ ಬಿಸಿಲಿಗೆ ಒಳಗೆ ಬೆವತು ಬಣ್ಣ ಹಾಳೆಗೇ ಅಂಟಿ ಬರುತ್ತದೆ.